ಎರಡು ಡಿಸ್ಕಿನ ಪೆಟ್ಟಿಗೆ ಮತ್ತು ನೀಲವ್ವ

ಮಿಣುಕುವ ಒಂದು ಪುಟ್ಟ ನೀಲಿ ದೀಪ ಮನುಷ್ಯನನ್ನು ಎಷ್ಟು ನಿಶ್ಚಿಂತನನ್ನಾಗಿ ಮಾಡಬಲ್ಲದೆಂಬುದನ್ನು, ಓದುಗ ಮಿತ್ರರೇ, ನನ್ನ ಮೇಜಿನ ಮೇಲೆ ಕಂಪ್ಯೂಟರಿಗೆ ಜೋಡಿಸಿದ್ದ ಎರಡು ಡಿಸ್ಕುಗಳ ಪೆಟ್ಟಿಗೆ ನನಗೆ ಕಲಿಸಿತು. ಅದರೊಳಗೆ ತೀರಿಹೋದ ನನ್ನ ಚಿಗವ್ವ ಗುರವ್ವನ ಹದಿನಾರು ಸೋಬಾನೆ ಹಾಡುಗಳಿದ್ದವು. ನನಗೆ ಮಾತು ಕಲಿಸಿದ ದನಿ ಅದು. ಒಂದು ಡಿಸ್ಕು ಕೆಟ್ಟರೂ ಇನ್ನೊಂದಿದೆಯಲ್ಲ ಎಂಬ ಮಹಾಜ್ಞಾನದಿಂದ ಫೋನಿನಲ್ಲಿದ್ದುದನ್ನೂ ಅಳಿಸಿದ್ದೆ.

ಒಂದು ಕೆಟ್ಟಿತು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಯ ರಿಪೇರಿ ಅಂಗಡಿಗೆ ಹೋದೆ. ಅಂಗಡಿಯ ಮಂಜಣ್ಣ ಪರೀಕ್ಷಿಸಿ ಕೇಳಿದ: "ಇದನ್ನ ಹಿಂಗ ಜೋಡಿಸಿದವರು ಯಾರ್ರೀ?"

"ನಾನೇ. ಎರಡರ ಜಾಗಾನೂ ಪೂರಾ ಸಿಗತೈತಿ ಅಂತಿತ್ತು. ರೇಡ್ ಅಂತಾನೂ ಬರದಿತ್ತು, ಒಂದು ಕೆಟ್ರ ಇನ್ನೊಂದು ಕಾಯೋ ಜೋಡಣಿ ಅಂದ್ಕೊಂಡೆ."

"ಸೊನ್ನಿ ನಂಬರಿನ ರೇಡ್ ಇದು ಸರ, ಹೆಸರಷ್ಟ. ಪ್ರತಿ ಹಾಡನ್ನೂ ಚೂರು ಮಾಡಿ ಅರ್ಧ ಇದರಾಗ, ಅರ್ಧ ಅದರಾಗ ಇಟ್ಟೈತಿ. ಒಂದು ಹೋದ್ರ ಎರಡೂ ಹೋದಂಗ. ಖರೇ ರೇಡ್ ಅಂದ್ರ ಒಂದು ಸತ್ರೂ ಉಳಿದದ್ದು ಪೂರಾ ಹೇಳಬೇಕು."

ಸಂತೆಯಲ್ಲಿ ತೂಕದ ಮೇಲೊಂದು ಹಿಡಿ ಕೊಸರಿಗಾಗಿ ಜಗಳ ಕಾಯುವ ನಾನು, ಜಾಗದ ಕೊಸರಿಗೆ ಚಿಗವ್ವನನ್ನೇ ತೆತ್ತಿದ್ದೆ.

ನಮ್ಮ ಕಡೆ ಸೋಬಾನೆಯನ್ನು ಒಬ್ಬರೇ ಹಾಡುವುದಿಲ್ಲ. ಮುಂದಿನವರು ಹೇಳಿದ ಸಾಲನ್ನು ಹಿಂದಿನವರು ಇಡಿಯಾಗಿ ತಿರುಗಿ ಹೇಳುತ್ತಾರೆ. ಚಿಗವ್ವನ ಹಿಂದೆ ಜೀವಮಾನವಿಡೀ ಹಾಗೆ ಹಾಡಿದವಳು ಚಿಗಟೇರಿಯ ನೀಲವ್ವ. ಫೋನಿನಲ್ಲಿ ಹಾಡು ಹಿಡಿದಿಟ್ಟ ದಿನ, ಹೇಳಿದ್ದನ್ನೇ ಹೇಳಿದರೆ ಜಾಗ ದಂಡವೆಂದು ಆಕೆಯನ್ನು ಸುಮ್ಮನೆ ಕೂರಿಸಿದ್ದವನೂ ಈ ಪಂಡಿತನೇ.

ಆ ನಾಚಿಕೆಯನ್ನೂ ಹೊತ್ತು ಆಕೆಯ ಮನೆಗೆ ಹೋಗಿ ನಡೆದುದನ್ನೆಲ್ಲ ಹೇಳಿದೆ.

"ನನ್ನ ಬಾಯಿ ಮುಚ್ಚಿಸಿದ್ದೆಲ್ಲೋ ಶಾಣ್ಯಾ!" ನೀಲವ್ವ ನಕ್ಕಳು. "ಈಗ ನೆನಪಾತೇನು ನನ್ನ ಮನಿ ದಾರಿ?"

"ಹಾಡು ನೆನಪದಾವೇನು, ಯವ್ವಾ?"

"ಗುರವ್ವ ಹೇಳಿದ್ದೆಲ್ಲಾ ನನ್ನ ಬಾಯಾಗ ಹಾದು ಹೋಗ್ಯಾವ. ಫೋನು ಬಾಜೂಕಿಡು. ನಾ ಮುಂದಿನಾಕಿ, ನೀ ಹಿಂದಿನವ. ತಿರುಗಿ ಹೇಳಲಿಲ್ಲಂದ್ರ ಮುಂದಿನ ಸಾಲು ಕೊಡಂಗಿಲ್ಲ ನೋಡು."

ಚಿಗವ್ವನ ದನಿ ಮರಳಲಿಲ್ಲ. ಆ ಕೊರಗು ಇದ್ದೇ ಇದೆ. ಆದರೆ ಹಾಡಿನ ನಡುವೆ ಆಕೆ ಉಸಿರೆಳೆಯುತ್ತಿದ್ದ ಜಾಗದಲ್ಲೇ ನೀಲವ್ವನೂ ಉಸಿರೆಳೆದಾಗ, ಯಾರೂ ಹೇಳದೆ, ಯಾರಿಂದಲೂ ಏನನ್ನೂ ಬಯಸದೆ ನನ್ನ ಚಿಗವ್ವನನ್ನು ಇಡಿಯಾಗಿ ಕಾಪಾಡಿಟ್ಟಿದ್ದ ಆ ಮುದುಕಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಕೈ ಮುಗಿಯುವ ಭರದಲ್ಲಿ ಎರಡನೆಯ ಸಾಲನ್ನೇ ತಪ್ಪಿ ಹೇಳಿದೆ.

ಆಕೆ ನನ್ನ ಮೊಣಕಾಲಿಗೊಂದು ಏಟು ಕೊಟ್ಟು, ಮತ್ತೆ ಮೊದಲಿನಿಂದ ಹಿಡಿದಳು.