ಅಜ್ಜಿಯ ಮೂರನೇ ಟೇಕ್

“ನಮ್ಮ ನಾಯಿ ಬಸ್ಸಿನ ಹಿಂದೇನೇ ಓಡಿ ಬಂತು” ಎಂದು ಅಜ್ಜಿ ಕಣ್ಣೊರೆಸಿಕೊಳ್ಳುವ ಹೊತ್ತಿಗೇ ಪಕ್ಕದ ಮನೆಯ ಅಂಗಳದಲ್ಲಿ ಉದುರಿದ ಎಲೆಗಳನ್ನು ಗಾಳಿ ಊದಿ ಸರಿಸುವ ಮಷೀನು ಶುರುವಾಯಿತು. ನನ್ನ ಹೆಡ್‌ಫೋನಿನಲ್ಲಿ ಅವರ ಮಾತೇ ಮುಳುಗಿಹೋಯಿತು.

ಅಮೆರಿಕದ ಹೇವರ್ಡ್ ಊರಿನ ಅವರ ಮನೆಯಲ್ಲಿ ನಾನೊಬ್ಬಳೇ ಕ್ಯಾಮೆರಾ ಹಿಡಿದು ಸಾಕ್ಷ್ಯಚಿತ್ರ ಮಾಡುತ್ತಿದ್ದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ಜಪಾನಿ ಮೂಲದ ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿತ್ತು. ಆಗ ಪುಟ್ಟ ಹುಡುಗಿಯಾಗಿದ್ದ ಈ ಅಜ್ಜಿಯನ್ನೂ ಬಸ್ಸಿನಲ್ಲಿ ಶಿಬಿರಕ್ಕೆ ಒಯ್ದಿದ್ದರು. ಸಾಕಿದ ನಾಯಿಯನ್ನು ಜೊತೆಗೆ ಕರೆದೊಯ್ಯುವಂತಿರಲಿಲ್ಲ.

ಮಷೀನು ನಿಂತ ಮೇಲೆ, “ಸಾರಿ, ಇನ್ನೊಂದ್ಸಲ ಹೇಳ್ತೀರಾ?” ಎಂದೆ. ಹೇಳಿದರು. ಈ ಸಲ ಸದ್ದಿರಲಿಲ್ಲ, ಆದರೆ ಕಣ್ಣೀರೂ ಇರಲಿಲ್ಲ. ನನಗೆ ಸಮಾಧಾನವಾಗಲಿಲ್ಲ. “ಮೊದಲ್ನೇ ಸಲ ಹೇಳಿದ್ರಲ್ಲ, ಹಾಗೇ ಬೇಕಿತ್ತು.”

ಅಜ್ಜಿಗೆ ಕೋಪ ಬರಲಿಲ್ಲ. ನನಗೆ ನೆರವಾಗುವ ದನಿಯಲ್ಲೇ ಕೇಳಿದರು: “ನಾನು ಎಲ್ಲಿ ಅಳ್ಬೇಕು? ನಾಯಿ ಓಡಿ ಬಂದಾಗಲೋ, ಸುಸ್ತಾಗಿ ನಿಂತುಬಿಟ್ಟಾಗಲೋ?”

ನಾಯಿ ನಿಂತದ್ದನ್ನು ಅವರು ಅದುವರೆಗೆ ಹೇಳಿರಲೇ ಇಲ್ಲ. ನಾನು ಕೇಳಿಯೂ ಇರಲಿಲ್ಲ. ಕ್ಯಾಮೆರಾ ಆಫ್ ಮಾಡಿದೆ. ಚಿತ್ರದಲ್ಲಿ ಆ ಮೊದಲ ಟೇಕನ್ನೇ ಉಳಿಸಿಕೊಂಡಿದ್ದೇನೆ. ತೆರೆಯ ಮೇಲೆ ಮಷೀನಿನ ಸದ್ದು ಶುರುವಾದಾಗಲೆಲ್ಲ ನನ್ನ ತಲೆ ತಾನಾಗಿ ತಗ್ಗುತ್ತದೆ.