ಸಿದ್ದರಾಜು ತೆಗೆದ ಬೀಗ

ದೆವ್ವ, ಭೂತ, ಪಿಶಾಚಿ ಇವನ್ನೆಲ್ಲ ನಾನು ನಂಬಿದವಳಲ್ಲ. ನಮ್ಮ ಕವಲಂದೆಯಲ್ಲಿ ಯಾರಿಗಾದರೂ ಗಾಳಿ ಸೋಕಿತೆಂದು ಮಂತ್ರ ಹಾಕಿಸಲು ಹೊರಟರೆ ಮೊದಲು ನಗುತ್ತಿದ್ದವಳೇ ನಾನು. ಹೊಟ್ಟೆಪಾಡಿಗೆ ಮಾಡುವುದು ಕಂಪ್ಯೂಟರಿನ ಕೆಲಸ. ಕಂಪ್ಯೂಟರು ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ ಎಂಬುದೊಂದನ್ನು ಬಿಟ್ಟರೆ ನನಗೆ ಬೇರೆ ನಂಬಿಕೆ ಇರಲಿಲ್ಲ. ಹಾಗಾಗಿ ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಹಣ್ಣಿನ ತಿರುಳು ತಯಾರಿಸುವ ಒಂದು ಕಂಪನಿಯಲ್ಲಿ ನಾನು ಕೆಲಸಕ್ಕಿದ್ದೆ. ಮಾವು, ಸೀಬೆ, ಬಾಳೆಹಣ್ಣಿನ ತಿರುಳನ್ನು ಡ್ರಮ್ಮುಗಳಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಕಂಪನಿ. ತಿ. ನರಸೀಪುರದ ಹತ್ತಿರ ಅದರದೇ ಇನ್ನೊಂದು ಯೂನಿಟ್ ಇತ್ತು. ಅಲ್ಲಿನ ಸಿಸ್ಟಂ ಬೇರೆಯಾದರೂ ಯಾರು ಲಾಗಿನ್ ಆಗಬಹುದು, ಯಾರು ಏನನ್ನು ನೋಡಬಹುದು, ಯಾರಿಗೆ ಬೀಗ ಹಾಕಬೇಕು ಎಂಬುದೆಲ್ಲ ನಂಜನಗೂಡಿನಿಂದಲೇ ನಡೆಯುತ್ತಿತ್ತು. ಊರಿನ ನೀರುಗಂಟಿ ಟ್ಯಾಂಕಿನ ಹತ್ತಿರ ವಾಲ್ವ್ ತಿರುಗಿಸಿದರೆ ಕೆಳಗಿನ ಬೀದಿಯ ನಲ್ಲಿಯೆಲ್ಲ ಬಂದ್ ಆಗುವುದಿಲ್ಲವೇ, ಹಾಗೆ. ಇದರಲ್ಲಿ ಒಂದು ನಿಯಮವಿತ್ತು. ಕೇಂದ್ರದಿಂದ ಹಾಕಿದ ಬೀಗವನ್ನು ಕೇಂದ್ರದಿಂದಲೇ ತೆಗೆಯಬೇಕು. ನರಸೀಪುರದಲ್ಲಿ ಕೂತವರು ತಲೆಕೆಳಗಾದರೂ ಅದು ಬಿಚ್ಚುತ್ತಿರಲಿಲ್ಲ.

ಈ ವ್ಯವಸ್ಥೆಯನ್ನು ಕಟ್ಟಿದವರು ಸೋಸಲೆಯ ಸಿದ್ದರಾಜು. ನನಗೆ ಕೆಲಸ ಕಲಿಸಿದವರೂ ಅವರೇ. ಮಹಾ ಮುಂಗೋಪಿ. ತಪ್ಪು ಮಾಡಿದರೆ ಎಲ್ಲರೆದುರು ಬೈಯುತ್ತಿದ್ದರು, ಮಧ್ಯಾಹ್ನ ತಮ್ಮ ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದು ಕೊಡುತ್ತಿದ್ದರು. ನಮ್ಮಿಬ್ಬರ ಮೇಲಿದ್ದವನು ಮ್ಯಾನೇಜರ್ ಪ್ರಭಾಕರ. ಇವನಿಗೆ ಬಹುವಚನ ಕೊಡಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ, ಕ್ಷಮಿಸಿ. ನರಸೀಪುರದ ಗೋಡೌನಿನಲ್ಲಿ ಅವಧಿ ಮುಗಿದ ಡ್ರಮ್ಮುಗಳು ಕೂತಿದ್ದವು. ಅವುಗಳ ತಯಾರಿಕೆ ದಿನಾಂಕವನ್ನು ಸಿಸ್ಟಂನಲ್ಲಿ ಹೊಸದು ಮಾಡಿಕೊಡು ಎಂದು ಅವನು ಸಿದ್ದರಾಜುಗೆ ಹೇಳಿದ. ಜ್ಯೂಸು ಮಾಡಿ ಮಕ್ಕಳು ಕುಡಿಯುವ ವಸ್ತು, ನನ್ನ ಕೈಯಲ್ಲಿ ಆಗುವುದಿಲ್ಲ ಎಂದರು ಇವರು. ಆ ವಾರವೇ ಅವರು ಟೀ ಕುಡಿಯಲು ಗೇಟಿನಾಚೆ ಹೋಗಿದ್ದಾಗ ಅವರ ಹೆಸರಿಗೆ ಎಲ್ಲ ಕಡೆ ಬೀಗ ಬಿತ್ತು. ಗೇಟಿನಲ್ಲಿ ಕಾರ್ಡು ತೋರಿಸಿದರೆ ಕೆಂಪು ದೀಪ. ಊಟದ ಡಬ್ಬಿಯನ್ನು ಸೆಕ್ಯುರಿಟಿಯವನು ಹೊರಗೆ ತಂದುಕೊಟ್ಟ. ಬೇರೆ ಕಂಪನಿಗಳಿಗೂ ಪ್ರಭಾಕರ ಫೋನು ಮಾಡಿ ಹೇಳಿದ್ದರಿಂದ ಅವರಿಗೆ ಎಲ್ಲೂ ಕೆಲಸ ಸಿಗಲಿಲ್ಲ. ಕೊರಗಿ ಕೊರಗಿ ಆ ವರ್ಷವೇ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಅವರ ಹೆಸರನ್ನು ಎಲ್ಲ ಸಿಸ್ಟಂಗಳಿಂದ ಅಳಿಸಲು ಪ್ರಭಾಕರ ನನಗೇ ಹೇಳಿದ. ಅಳಿಸಿದೆ. ಅಂದಿನಿಂದ ಇವನಿಗೆ ಮಣ್ಣು ಮುಕ್ಕಿಸುವವರೆಗೂ ಬಿಡಬಾರದು ಎಂದು ಹಲ್ಲು ಮಸೆಯುತ್ತಲೇ ಇದ್ದೆ.

ಕಾಲ ಕೂಡಿಬಂತು. ನರಸೀಪುರದ ಯೂನಿಟ್ಟನ್ನು ಬೇರೊಂದು ಕಂಪನಿ ಕೊಂಡುಕೊಂಡಿತು, ಪ್ರಭಾಕರನೇ ಅಲ್ಲಿಗೆ ಮುಖ್ಯಸ್ಥನಾಗಿ ಹೊರಟ. ಅಲ್ಲಿನ ಸಿಸ್ಟಂ ಅನ್ನು ನಮ್ಮ ಕೇಂದ್ರದಿಂದ ಬಿಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಭಾನುವಾರ ಮುಗಿಸಬೇಕು, ಸೋಮವಾರ ಬೆಳಿಗ್ಗೆ ಹೊಸ ಕಂಪನಿಯ ದೊಡ್ಡವರು ಬರುತ್ತಾರೆ, ಒಬ್ಬನಿಗೆ ಲಾಗಿನ್ ಆಗದಿದ್ದರೂ ನಿನ್ನ ಕೆಲಸ ಇರುವುದಿಲ್ಲ ಎಂದು ಹೋಗುವ ಮುಂಚೆಯೂ ನನ್ನನ್ನು ಹೆದರಿಸಿಯೇ ಹೋದ. ನಮ್ಮ ಮನೆ ನಡೆಯುತ್ತಿದ್ದುದು ನನ್ನ ಸಂಬಳದಲ್ಲಿ.

ಬಿಡಿಸುವ ಕೆಲಸ ಹೇಳಿದಷ್ಟು ಸುಲಭವಲ್ಲ. ಸಂಬಂಧ ಕಡಿಯುವ ಮೊದಲೇ ಕೇಂದ್ರದಲ್ಲಿ ಹೆಸರುಗಳನ್ನು ಅಳಿಸಿದರೆ ಆ ಅಳಿಸುವ ಆಜ್ಞೆ ಅಲ್ಲಿಗೂ ಹರಿದು, ಅಲ್ಲಿನ ಹೆಸರುಗಳೂ ಹೋಗಿಬಿಡುತ್ತವೆ. ಬೆಳಗಾದರೆ ಇಡೀ ಯೂನಿಟ್ ಗೇಟಿನಲ್ಲಿ ನಿಂತಿರುತ್ತದೆ. ಆದ್ದರಿಂದ ಮೊದಲು ಎಲ್ಲದಕ್ಕೂ ಬ್ಯಾಕಪ್ ತೆಗೆಯಬೇಕು, ಕೇಂದ್ರದಿಂದ ಹೋದ ಬೀಗಗಳನ್ನೆಲ್ಲ ಬಿಚ್ಚಬೇಕು, ಅಲ್ಲಿಯೇ ಒಂದು ಸ್ವಂತ ಅಡ್ಮಿನ್ ಖಾತೆ ಮಾಡಿಟ್ಟು ಅದು ತೆರೆಯುತ್ತದೆಯೇ ಎಂದು ನೋಡಬೇಕು. ಆಮೇಲೆ ಸಂಬಂಧ ಕಡಿದು, ಎರಡು ಸಿಸ್ಟಂಗಳು ಮಾತಾಡಿಕೊಳ್ಳಲು ಬಳಸುತ್ತಿದ್ದ ಖಾತೆಯನ್ನು ತೆಗೆಯಬೇಕು. ಬೀಗ ಬಿಚ್ಚದೆ ಕಡಿದರೆ ಅದು ಅಲ್ಲೇ ಉಳಿದುಹೋಗುತ್ತದೆ. ಹೊಸ ಕಂಪನಿಯ ಕಂಪ್ಯೂಟರಿನವರು ಬಂದು ಆ ಅಡ್ಮಿನ್ ಖಾತೆ ತೆರೆದು ಸರಿಮಾಡುವವರೆಗೆ ಆ ಮನುಷ್ಯ ಹೊರಗೇ ಇರಬೇಕು. ಅವರು ಬರುವುದು ಬುಧವಾರ.

ನನ್ನ ಲೆಕ್ಕಾಚಾರ ನಿಮಗೆ ಅರ್ಥವಾಗಿರಬೇಕು. ಎಲ್ಲರ ಬೀಗ ಬಿಚ್ಚಿ, ಪ್ರಭಾಕರನ ಹೆಸರಿಗೊಂದು ಜಡಿದು, ಸಂಬಂಧ ಕಡಿದುಬಿಡುವುದು. ಹೊಸ ಧಣಿಗಳ ಮುಂದೆ ಅವನು ಪಾಸ್‌ವರ್ಡ್ ಒತ್ತಿ ಒತ್ತಿ ಬೆವರಬೇಕು. ಕೆಲಸ ಹೋದರೆ ಹೋಗಲಿ ಎಂದುಕೊಂಡೆ. ಅಷ್ಟು ಉರಿ ಇತ್ತು.

ಭಾನುವಾರ ಮಧ್ಯಾಹ್ನ ಸರ್ವರ್ ರೂಮಿನಲ್ಲಿ ನಾನೊಬ್ಬಳೇ ಇದ್ದೆ. ಅಲ್ಲಿಗೆ ಮೊಬೈಲು ಒಯ್ಯುವಂತಿರಲಿಲ್ಲ. ಅತ್ತ ಕಡೆ ಪರೀಕ್ಷೆ ಮಾಡಿ ಹೇಳಲು ನರಸೀಪುರದ ಯೂನಿಟ್ಟಿನ ಮಹದೇವಸ್ವಾಮಿ ಲ್ಯಾಂಡ್‌ಲೈನಿನಲ್ಲಿದ್ದ. ಅವನಿಗೆ ಯಾರ ಖಾತೆಯನ್ನೂ ಬದಲಾಯಿಸುವ ಅಧಿಕಾರವಿರಲಿಲ್ಲ, ನೋಡಬಹುದಿತ್ತು ಅಷ್ಟೆ. ಎಲ್ಲವೂ ಸರಿಯಾಗಿ ನಡೆಯಿತು. ಕೊನೆಗೆ ಪ್ರಭಾಕರನ ಹೆಸರಿಗೆ ಬೀಗ ಹಾಕಿದೆ. ಖಾತ್ರಿಗೆಂದು ಮತ್ತೆ ನೋಡಿದರೆ ಬೀಗವಿಲ್ಲ. ಸರಿಯಾಗಿ ಒತ್ತಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ ಹಾಕಿದೆ. ಬಿತ್ತು. ಕಣ್ಣೆದುರಿಗೇ ಮತ್ತೆ ಬಿಚ್ಚಿಕೊಂಡಿತು. ಕೊನೆಯ ಬದಲಾವಣೆ ಮಾಡಿದವರು ಯಾರು ಎಂದು ತೋರಿಸುವ ಜಾಗದಲ್ಲಿ ಸಿದ್ದರಾಜು ಅವರ ಐಡಿ ಇತ್ತು.

ನಾನೇ ಕೈಯಾರೆ ಅಳಿಸಿದ ಐಡಿ. ಹುಡುಕಿ ನೋಡಿದೆ, ಅಂಥ ಐಡಿ ಎರಡೂ ಸಿಸ್ಟಂಗಳಲ್ಲಿ ಇಲ್ಲವೇ ಇಲ್ಲ. ಅವರ ಹೆಸರಿನಲ್ಲಿ ತನ್ನಷ್ಟಕ್ಕೆ ಓಡುವ ಹಳೆಯ ಜಾಬ್ ಏನಾದರೂ ಉಳಿದಿದೆಯೇ ಎಂದು ಜಾಲಾಡಿದೆ. ಒಂದೂ ಇರಲಿಲ್ಲ. ಆದರೂ ನನ್ನ ಹಟ ನೋಡಿ, ಬಿಚ್ಚಲು ಸಮಯವನ್ನೇ ಕೊಡಬಾರದೆಂದು ಮೂರನೆಯ ಸಲ ಬೀಗ ಹಾಕಿದ ಮರುಕ್ಷಣವೇ ಸಂಬಂಧ ಕಡಿದೆ, ಮಧ್ಯದ ಖಾತೆಯನ್ನೂ ತೆಗೆದೆ. ಇನ್ನು ನಂಜನಗೂಡಿನಿಂದ ನಾನಲ್ಲ, ಯಾರೂ ಅತ್ತ ಕೈಚಾಚುವಂತಿರಲಿಲ್ಲ. ಫೋನೆತ್ತಿ ಪ್ರಭಾಕರನ ಖಾತೆ ಹೇಗಿದೆ ನೋಡಪ್ಪ ಎಂದೆ.

“ಓಪನ್ ಆಗೈತೆ ಮೇಡಂ,” ಎಂದ ಮಹದೇವಸ್ವಾಮಿ. ಆಮೇಲೆ ಮತ್ತೆ ಕೀಲಿ ಒತ್ತುವ ಸದ್ದು ಕೇಳಿಸಿತು. “ಮೇಡಂ, ಇಲ್ಲಿ ಸಿದ್ದರಾಜು ಸಾರ್ ಹೆಸ್ರು ತೋರುಸ್ತಾ ಅದೆ. ಅವ್ರು ಓಗ್ಬುಟ್ರಲ್ವಾ?”

ನಾನು ಫೋನು ಇಟ್ಟೆ. ಬಾಗಿಲು ಎಳೆದುಕೊಂಡು ಹೊರಗೆ ಬಂದರೆ ಇನ್ನೂ ಬಿಸಿಲಿತ್ತು, ಗೇಟಿನಲ್ಲಿ ಸೆಕ್ಯುರಿಟಿಯವನು ಕಡಲೆಕಾಯಿ ಬಿಡಿಸುತ್ತಾ ಕೂತಿದ್ದ. ಬಸ್ಸಿನಲ್ಲಿ ಕೂತ ಮೇಲೆ ಹೆದರಿಕೆ ಇಳಿದು ಸಿಟ್ಟು ಏರಿತು. ಅಲ್ಲ ಸಾರ್, ನಿಮಗೋಸ್ಕರ ತಾನೇ ನಾನು ಕೆಲಸವನ್ನೇ ಪಣಕ್ಕಿಟ್ಟಿದ್ದು? ಬದುಕಿದ್ದಾಗ ಬೈದು ಸಾಲದೆ, ಸತ್ತ ಮೇಲೆ ಅಡ್ಡ ಬರುತ್ತೀರಾ, ಅದೂ ಅವನ ಪರವಾಗಿ? ಸೋಮವಾರ ಪ್ರಭಾಕರ ಸಲೀಸಾಗಿ ಲಾಗಿನ್ ಆದ, ಎಲ್ಲ ಸರಿಯಾಗಿದೆ ಎಂದು ನನಗೆ ಮೆಸೇಜೂ ಕಳಿಸಿದ. ಅದನ್ನು ನೋಡಿ ನನ್ನ ಹೊಟ್ಟೆ ಉರಿದುಹೋಯಿತು.

ಆ ವಾರದ ರಜೆಯಲ್ಲಿ ಸೋಸಲೆಗೆ ಹೋಗಿ ಅವರ ಹೆಂಡತಿ ಗೌರಮ್ಮನವರಿಗೆ ನಡೆದದ್ದನ್ನೆಲ್ಲ ಹೇಳಿದೆ. ದೂರು ಹೇಳಲು ಹೋಗಿದ್ದೆ ಎಂದರೂ ಸರಿಯೇ. ನಿಮ್ಮ ಯಜಮಾನರು ಅವನನ್ನು ಕ್ಷಮಿಸಿಬಿಟ್ಟಿದ್ದಾರೆ, ನನ್ನ ಕೈಲಿ ಆಗುವುದಿಲ್ಲ ಎಂದೆ. ಅವರು ಬಿಡಿಸುತ್ತಿದ್ದ ಅವರೆಕಾಯಿಯನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು.

“ನಮ್ಮನೋರು ಒಬ್ರನ್ನೂ ಬುಟ್ಟೋರಲ್ಲ ಕಣವ್ವ. ಪಕ್ಕದ ಜಮೀನೋರು ಬದ ಒತ್ತುದ್ರು ಅಂತ ಸಾಯೋಗಂಟ ಅವ್ರ ಮನೇಲಿ ಒಂದ್ ತೊಟ್ಟು ನೀರ್ ಕುಡೀನಿಲ್ಲ. ನೀ ಸುಮ್ಕಿರು.”

ಮುಂದಿನ ವಾರ ಮಹದೇವಸ್ವಾಮಿ ಫೋನು ಮಾಡಿದ. ಆ ಸೋಮವಾರ ಪ್ರಭಾಕರ ಲಾಗಿನ್ ಆಗಿ ಮೊದಲು ಮಾಡಿದ ಕೆಲಸವೆಂದರೆ, ಮುಖ್ಯಸ್ಥನಾಗಿ ಈಗ ತನಗೇ ಸಿಕ್ಕಿದ್ದ ಅಧಿಕಾರದಿಂದ ಗೋಡೌನಿನ ಹಳೆಯ ಡ್ರಮ್ಮುಗಳ ದಿನಾಂಕ ತಿದ್ದಿದ್ದು. ನಂಜನಗೂಡಿನ ಸಂಬಂಧ ಕಡಿದ ಮೇಲೆ ನೋಡುವವರು ಯಾರೂ ಇಲ್ಲ ಎಂದುಕೊಂಡಿದ್ದಾನೆ. ನಾವು ಕಡಿದದ್ದು ಬೀಗದ ಅಧಿಕಾರವನ್ನು, ಯಾರು ಏನು ತಿದ್ದಿದರು ಎಂಬುದು ಅಲ್ಲಿನ ಸಿಸ್ಟಂನಲ್ಲಿ ಉಳಿಯುತ್ತಲೇ ಇರುತ್ತದೆ ಎಂಬುದು ಅಷ್ಟು ವರ್ಷ ನಮ್ಮ ಮೇಲೆ ದರ್ಬಾರು ಮಾಡಿದವನಿಗೆ ಗೊತ್ತಿರಲಿಲ್ಲ. ಹೊಸ ಕಂಪನಿಯವರು ಕೊಳ್ಳುವ ಮುಂಚೆಯೇ ಸ್ಟಾಕಿನ ಲೆಕ್ಕದ ಪ್ರತಿ ತೆಗೆದಿಟ್ಟುಕೊಂಡಿದ್ದರು. ಬುಧವಾರ ಬಂದ ಅವರ ಕಂಪ್ಯೂಟರಿನವರು ಅದಕ್ಕೆ ಇದನ್ನು ತಾಳೆ ನೋಡಿದರು. ಪ್ರತಿ ತಿದ್ದುಪಡಿಯ ಪಕ್ಕದಲ್ಲೂ ಅವನದೇ ಐಡಿ. ಕೆಲಸ ಹೋಯಿತು, ಪೊಲೀಸ್ ಕೇಸೂ ಆಯಿತು. ಕೇಳಿ ನನಗೆ ಪರಮಾನಂದವಾಯಿತು. ಅದನ್ನು ಮುಚ್ಚಿಡುವುದು ಯಾಕೆ?

ಬೀಗ ತೆಗೆದವರು ಯಾರೆಂದು ಮಾತ್ರ ನನಗೆ ಇಂದಿಗೂ ಬಗೆಹರಿದಿಲ್ಲ. ಹೊಸ ಕಂಪನಿಯವರು ಆ ಸಿಸ್ಟಂ ಅನ್ನೇ ತೆಗೆದುಹಾಕಿದ್ದರಿಂದ ತೋರಿಸಲು ಸಾಕ್ಷಿಯೂ ಇಲ್ಲ. ನನ್ನ ವೃತ್ತಿಯವರನ್ನು ಕೇಳಿದ್ದೇನೆ. ಒಬ್ಬರು ಸಾಫ್ಟ್‌ವೇರಿನ ದೋಷ ಎನ್ನುತ್ತಾರೆ, ಒಬ್ಬರು ನಿನ್ನ ಕಣ್ಣಿನ ದೋಷ ಎನ್ನುತ್ತಾರೆ. ಹಾಗಾದರೆ ಮಹದೇವಸ್ವಾಮಿಯ ಕಣ್ಣಿಗೆ ಏನಾಗಿತ್ತು ಎಂದರೆ ಮಾತು ಬದಲಾಯಿಸುತ್ತಾರೆ. ನನ್ನನ್ನು ಕಾಡುವುದು ಇನ್ನೊಂದು ವಿಷಯ. ಅಂದು ನಾನು ಹಾಕಿದ ಬೀಗ ನಿಂತಿದ್ದರೆ ಸೋಮವಾರ, ಮಂಗಳವಾರ ಪ್ರಭಾಕರ ನನ್ನನ್ನು ಬೈಯುತ್ತಾ ಕೂತಿರುತ್ತಿದ್ದ. ಬುಧವಾರ ಬಂದವರಿಗೆ ದಿನಾಂಕಗಳೆಲ್ಲ ಇದ್ದ ಹಾಗೇ ಸಿಗುತ್ತಿದ್ದವು, ಅವನ ಮೇಲೆ ಬೊಟ್ಟು ಮಾಡಲು ಏನೂ ಇರುತ್ತಿರಲಿಲ್ಲ. ಅವನ ಮೇಲೆ ಹಗೆ ತೀರಿಸಿಕೊಳ್ಳುತ್ತೇನೆಂದು ಕೂತ ನಾನು, ನಿಜವಾಗಿ ನೋಡಿದರೆ, ಅವನನ್ನು ಕಾಪಾಡಲು ಹೊರಟಿದ್ದೆ.