ಹಿಟ್ಟು ತಿಗಣೆಯ ತನಿಖೆ

ಅಂಜನಮೂರ್ತಿಯವರು ಬಸ್ಸಿನ ಚೆಕಿಂಗ್ ಇನ್ಸ್‌ಪೆಕ್ಟರಾಗಿ ರಿಟೈರಾದವರು. ಮನುಷ್ಯ ರಿಟೈರಾದರೂ ಕಣ್ಣು ರಿಟೈರಾಗಲಿಲ್ಲ. ಕಾಕ್ಸ್ ಟೌನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿನಿಂದ ಇಳಿದವರನ್ನು ಅವರು ಒಮ್ಮೆ ನೋಡಿದರೆ ಸಾಕು, ಕೈ ತಾನಾಗಿ ಜೇಬಿನಲ್ಲಿ ಟಿಕೆಟ್ ಹುಡುಕುತ್ತದೆ. ನಾನೂ ಒಂದು ಸಲ ಹುಡುಕಿದ್ದೇನೆ.

ಅವರ ಜೀವವಿರುವುದು ಟೆರೇಸಿನ ದಾಸವಾಳದ ಕುಂಡಗಳಲ್ಲಿ. ಈ ಬೇಸಿಗೆಯಲ್ಲಿ ಅವಕ್ಕೆ ಬಿಳಿ ಬೂಷ್ಟಿನಂಥದ್ದು ಮೆತ್ತಿಕೊಂಡಿತು. ಎಲೆ ಅಂಟಂಟಾಯಿತು, ಮೊಗ್ಗು ಅರಳದೆ ಉದುರಿತು. ಸೆಕ್ರೆಟರಿ ಜಗದೀಶ್ ಬಂದು ನೋಡಿ, "ಸರ್, ಬೇರೆಯವರ ಗಿಡಕ್ಕೂ ಹಬ್ಬತ್ತೆ. ತಿಂಗಳ ಕೊನೆಗೂ ಹೀಗೇ ಇದ್ರೆ ಕುಂಡ ಎಲ್ಲಾ ಕೆಳಗಿಳಿಸ್ಬೇಕು" ಎಂದ. ಕೆಳಗೆಂದರೆ ಬಿಸಿಲೇ ಬೀಳದ ಪಾರ್ಕಿಂಗು. ಮೂರ್ತಿಯವರಿಗೆ ಅವತ್ತು ಊಟ ಸೇರಲಿಲ್ಲ.

ಒಂದು ಕೊಂಬೆ ಮುರಿದುಕೊಂಡು ಶಿವಾಜಿನಗರದ ಬೀಜದಂಗಡಿಗೆ ಹೋದರು. ಅಂಗಡಿಯ ಅಕ್ತರ್, "ಇದು ಹಿಟ್ಟು ತಿಗಣೆ ಸಾರ್. ಸೋಪ್ ನೀರಲ್ಲಿ..." ಎನ್ನುವಷ್ಟರಲ್ಲಿ ಇವರು ಮೆಟ್ಟಿಲಿಳಿದಾಗಿತ್ತು. ಬೇಕಾದ ಸುಳಿವು ಸಿಕ್ಕಿತ್ತು: ಹಿಟ್ಟು!

ನಮ್ಮಲ್ಲಿ ಹಿಟ್ಟೆಂದರೆ ಎರಡನೇ ಮಹಡಿಯ ಉಮ್ಮೆ ಕುಲ್ಸುಂ. ಮನೆಯಲ್ಲೇ ಸಮೋಸಾ ಪಟ್ಟಿ ಲಟ್ಟಿಸಿ ಅಂಗಡಿಗಳಿಗೆ ಕೊಡುತ್ತಾರೆ. ಮಧ್ಯಾಹ್ನ ಟೆರೇಸಿಗೆ ಬಂದು ಮೈದಾ ಮೆತ್ತಿದ ಬಟ್ಟೆ ಕೊಡವುತ್ತಾರೆ.

"ಹಿಟ್ಟು ಹಾರ್ತು, ತಿಗಣೆ ಹುಟ್ತು. ಕೇಸ್ ಕ್ಲೋಸ್," ಎಂದರು ಮೂರ್ತಿಯವರು.

"ಹಾಗಾದ್ರೆ ಬಸವನಹುಳು ಬಸವನಿಗೆ ಹುಟ್ಟಿದ್ದಾ ಸರ್?" ಎಂದೆ. ಅಂದಿನಿಂದ ಶಂಕಿತರ ಸಾಲಿನಲ್ಲಿ ನಾನೂ ಸೇರಿದೆ.

ಆದರೂ ಶನಿವಾರ ಮಧ್ಯಾಹ್ನ ಸಾಕ್ಷಿಗೆಂದು ನನ್ನನ್ನೇ ಎಳೆದೊಯ್ದರು. ಮೊದಲು ಇರುವೆಗಳಿಗೆ ರವೆ-ಸಕ್ಕರೆ ಹಾಕಿದ್ದಾಯಿತು. ಶನಿಕಾಟಕ್ಕೆ ಯಾರೋ ಹೇಳಿದ ಪರಿಹಾರ ಅದು. ಮಾಡಿದ ಪುಣ್ಯವೂ ಕಣ್ಣೆದುರೇ ಇರಲೆಂದು ಪ್ರತಿ ವಾರ ಕುಂಡಗಳ ಬುಡದಲ್ಲೇ ಸುರಿಯುತ್ತಿದ್ದರು. ಆಮೇಲೆ ಇಬ್ಬರೂ ನೀರಿನ ಟ್ಯಾಂಕಿನ ಹಿಂದೆ ಕುಕ್ಕರಗಾಲಲ್ಲಿ ಕೂತೆವು.

ಉಮ್ಮೆ ಕುಲ್ಸುಂ ಬಂದರು. ಬಟ್ಟೆ ಕೊಡವಿದರು.

"ಸಿಕ್ಕಿಬಿದ್ರಿ!" ಮೂರ್ತಿಯವರು ಹಾರಿಬಂದರು.

"ಯಾ ಅಲ್ಲಾ! ಏನ್ ಮೂರ್ತಿ ಸಾಬ್, ಈ ವಯಸ್ಸಲ್ಲಿ ಕಣ್ಣಾಮುಚ್ಚಾಲೆನಾ?"

"ನಿಮ್ಮ ಹಿಟ್ಟಿಂದ ನನ್ನ ಗಿಡ ಸಾಯ್ತಿದೆ ರೀ!"

ಆಕೆ ಕೊಂಬೆಗೆ ಬಗ್ಗಿ ನೋಡಿದರು. "ನನ್ನ ಮೈದಾಗೆ ಕಾಲಿದೆಯಾ? ಇದು ನಡೀತಿದೆ. ನೋಡಿ, ಇದೊಂದನ್ನ ಇರುವೆ ಹೊತ್ಕೊಂಡು ಹೋಗ್ತಿದೆ."

ಮೂರ್ತಿಯವರು ಕನ್ನಡಕ ಏರಿಸಿದರು. ಸಕ್ಕರೆಯಿಂದ ಹೊರಟ ಇರುವೆ ಸಾಲು ನೇರ ಕಾಂಡ ಹತ್ತುತ್ತಿತ್ತು. ಮೇಲೆ ತಿಗಣೆ ಒಸರಿದ ಸಿಹಿ ಅಂಟನ್ನು ಇರುವೆಗಳು ನೆಕ್ಕುತ್ತಿದ್ದವು; ಒಂದೆರಡು, ಬಿಳಿ ಮರಿಗಳನ್ನು ಕಚ್ಚಿಕೊಂಡು ಚಿಗುರಿನತ್ತ ಸಾಗುತ್ತಿದ್ದವು. ಎಲ್ಲವೂ ಟಿಕೆಟ್ಟಿಲ್ಲದ ಪ್ರಯಾಣ.

"ಈ ಸಕ್ಕರೆ ಯಾರು ಹಾಕಿದ್ದು?" ಎಂದರು ಆಕೆ.

ಮೂರ್ತಿಯವರು ನನ್ನ ಮುಖ ನೋಡಿದರು. ನಾನಲ್ಲವೆಂದು ತಲೆಯಾಡಿಸಿದೆ.

ಅಂದೇ ಸಂಜೆ ಎಲೆಗಳಿಗೆ ಸೋಪು ನೀರಿನ ಸ್ನಾನ ಶುರುವಾಯಿತು. ಇರುವೆ ಹತ್ತದಿರಲೆಂದು, ಹಿಂದೆ ಹಾಲು-ಮೊಸರಿಡುವ ಬೀರುವಿಗೆ ಮಾಡುತ್ತಿದ್ದಂತೆ, ಕುಂಡದ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರು. ರವೆ-ಸಕ್ಕರೆಯ ಪುಣ್ಯ ಟೆರೇಸಿನ ಆಚೆ ಮೂಲೆಗೆ ವರ್ಗವಾಯಿತು. ತಿಂಗಳ ಕೊನೆಗೆ ಜಗದೀಶ್ ಬಂದಾಗ ಎರಡು ಮೊಗ್ಗು ಅರಳಿದ್ದವು. "ಇರ್ಲಿ ಬಿಡಿ ಸರ್," ಎಂದ.

ಖುಷಿಗೆ ಉಮ್ಮೆ ಕುಲ್ಸುಂ ಒಂದು ತಟ್ಟೆ ಸಮೋಸಾ ತಂದರು. ಮೂರ್ತಿಯವರು ಒಂದನ್ನೆತ್ತಿ, ಎಲೆ ಮಗುಚುವಂತೆ ಮಗುಚಿ, ತಳ ಪರೀಕ್ಷಿಸಿ, ಆಮೇಲೆ ಬಾಯಿಗಿಟ್ಟರು.